ಹೋಳಿ ಮುಗಿದ ಮೇಲೆ ಸಬ್‌ವೂಫರ್ ಯಾಕೆ ಗರ್ರ್ ಅನ್ನುತ್ತಿದೆ?

ಇದು ನಮ್ಮ ಮನೆಯ ಸಬ್‌ವೂಫರ್, ಹಾಡಿನ ಬೇಸ್, ಅಂದರೆ ಕೆಳಗಿನ ದಪ್ಪ ಸದ್ದು ಹೊರಡಿಸುವ ಸ್ಪೀಕರ್ ಡಬ್ಬಿ. ಮೊದಲು ಈ ಸದ್ದು ಕೇಳಿ. ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ, ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಇದು ಸರಿಯಾಗಿ ಕೇಳಿಸಲ್ಲ. ಹಾಂ, ಈಗ ಬಂತು ನೋಡಿ. ಗುಂ ಅನ್ನಬೇಕಾದ ಜಾಗದಲ್ಲಿ ಗರ್ರ್ ಅನ್ನುತ್ತಿದೆ. ವಾಲ್ಯೂಮ್ ಕಡಿಮೆ ಮಾಡಿದರೂ ಅನ್ನುತ್ತದೆ, ಅದೇ ಚಿಂತೆ. ಜೋರು ಮಾಡಿದಾಗ ಮಾತ್ರ ಒದರಿದ್ದರೆ ಆಂಪ್, ಅಂದರೆ ಸ್ಪೀಕರಿಗೆ ಶಕ್ತಿ ಕೊಡುವ ಬೋರ್ಡು, ಸುಸ್ತಾಗಿದೆ ಅಂದುಕೊಳ್ಳಬಹುದಿತ್ತು. ಸಣ್ಣ ಸದ್ದಿನಲ್ಲೂ ಕೆರೆಯುತ್ತದೆ ಅಂದರೆ ಒಳಗೆ ಏನೋ ಒಂದು ಜಾಗ ಬಿಟ್ಟು ಸರಿದಿದೆ.

ಹೀಗಾಗಿದ್ದು ಹೋಳಿಯಲ್ಲಿ. ಬಾಗಲಕೋಟೆ ಹೋಳಿ ಗೊತ್ತಲ್ಲ ನಿಮಗೆ, ನಮ್ಮಲ್ಲಿ ಒಂದು ದಿನಕ್ಕೆ ಬಣ್ಣ ಮುಗಿಯಲ್ಲ. ಕಿಲ್ಲಾ, ವೆಂಕಟಪೇಟೆ ಕಡೆ ಹಬ್ಬಕ್ಕೆ ಎಷ್ಟೋ ದಿನ ಮೊದಲೇ ಹಲಗೆ ಸದ್ದು ಶುರುವಾಗುತ್ತದೆ. ಬಂಡಿ, ಟ್ರ್ಯಾಕ್ಟರ್ ಮೇಲೆ ಬ್ಯಾರಲ್ ಇಟ್ಟು ಬಣ್ಣ ಎರಚುತ್ತಾರೆ. ಕಾಕಾನ ಮಕ್ಕಳು ಈ ಸೆಟ್ ಒಯ್ದು ಕಟ್ಟೆ ಮೇಲೆ ಇಟ್ಟಿದ್ದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ, ವಾಲ್ಯೂಮ್ ತುದಿಯಲ್ಲಿ, ಬೇಸ್ ತುದಿಯಲ್ಲಿ, ಮೇಲೆ ಬಿಸಿಲು. ಮನೆಗೆ ವಾಪಸ್ ಬಂದಾಗ ಈ ಸದ್ದು.

ಈಗ ಸ್ಕ್ರೂ ಬಿಚ್ಚುವ ಮೊದಲು ಅಂಗಡಿ ವಿಷಯ ಹೇಳಲೇಬೇಕು, ಇಲ್ಲಾಂದರೆ ನನಗೆ ಸಮಾಧಾನ ಆಗಲ್ಲ. ನವನಗರದ ಒಂದು ರಿಪೇರಿ ಅಂಗಡಿಗೆ ಒಯ್ದೆ. ಹೆಸರು ಬೇಡ. ಅವರು ಮೊಬೈಲ್ ಹಚ್ಚಿ ಒಂದು ಹಾಡು ಹಾಕಿದರು, ಪಲ್ಲವಿ ಮುಗಿಯುವ ಮೊದಲೇ ನಿಲ್ಲಿಸಿದರು.

"ವೂಫರ್ ಹೋಗೇತ್ರಿ. ಹೊಸಾದು ಹಾಕ್ಬೇಕು. ಎರಡು ಸಾವಿರದ ನಾಕನೂರು ಆಕ್ಕೇತಿ."

"ಮೀಟರ್ ಹಚ್ಚಿ ನೋಡ್ರಲ್ಲ ಅಣ್ಣಾ."

"ಸೌಂಡ್ ಕೇಳಿದ್ರ ಗೊತ್ತಾಕ್ಕೇತ್ರಿ, ಮೀಟರ್ ಯಾಕ?"

ಇಡೀ ಸೆಟ್ ತಂದಾಗ ಕೊಟ್ಟಿದ್ದೇ 4,500 ರೂಪಾಯಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ಒಂದು ವೂಫರಿಗೆ, ಅಂದರೆ ಡಬ್ಬಿಯೊಳಗಿನ ಒಂದು ಸ್ಪೀಕರಿಗೆ! ಸರಿ, ಬೆಲೆ ಇರಲಿ, ಸಾಮಾನಿಗೆ ಬೆಲೆ ಇರುತ್ತದೆ. ನನಗೆ ಸಿಟ್ಟು ಬಂದಿದ್ದು ಬೇರೆ ಕಾರಣಕ್ಕೆ. ಇದೇ ಗರಗರ ಆಂಪ್ ಕೆಟ್ಟರೂ ಬರುತ್ತದೆ. ಔಟ್‌ಪುಟ್ ಐಸಿ, ಅಂದರೆ ಆಂಪಿನಲ್ಲಿ ಸದ್ದು ಏರಿಸುವ ಚಿಪ್, ಅರ್ಧ ಸತ್ತಿದ್ದರೆ ಬರುತ್ತದೆ, ಪವರ್ ಸಪ್ಲೈ ಕೆಪಾಸಿಟರ್ ಒಣಗಿದ್ದರೆ ಬರುತ್ತದೆ. ಹಾಗಿದ್ದಾಗ 2,400 ಕೊಟ್ಟು ಹೊಸ ವೂಫರ್ ಹಾಕಿಸಿದರೆ ಗರಗರ ಹಾಗೇ ಉಳಿಯುತ್ತದೆ, ಹೊಸದೂ ಹಾಳಾಗಬಹುದು. ಆ ಮೇಲೆ ಕೇಳಿದೆ, ನೀವು ಹಾಕುವುದು 4 ಓಮಿನದಾ 8 ಓಮಿನದಾ ಅಂತ. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. "ಎಲ್ಲಾ ಒಂದ ರೀ" ಅಂದರು. ಒಂದಲ್ಲ! 8 ಓಮಿಗೆ ಮಾಡಿದ ಆಂಪಿಗೆ 4 ಓಮ್ ಹಚ್ಚಿದರೆ ಕರೆಂಟ್ ಹೆಚ್ಚು ಕಡಿಮೆ ಎರಡು ಪಟ್ಟು ಎಳೆಯುತ್ತದೆ, ಐಸಿ ಬಿಸಿಯಾಗುತ್ತದೆ. 4 ಇದ್ದ ಜಾಗಕ್ಕೆ 8 ಹಾಕಿದರೆ ಪವರ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇದು ದಿನಾ ಇದೇ ಕೆಲಸ ಮಾಡುವವರಿಗೆ ಗೊತ್ತಿರಬೇಕಾದ ಮಾತು. ರಿಪೇರಿ ಬೇಡ, ವಾಪಸ್ ಕೊಡಿ ಅಂದಿದ್ದಕ್ಕೆ ಚೆಕಿಂಗ್ ಚಾರ್ಜ್ 150 ತೆಗೆದುಕೊಂಡರು. ಚೆಕ್ ಮಾಡಿ ತೆಗೆದುಕೊಂಡಿದ್ದರೆ ಖುಷಿಯಿಂದ ಕೊಡುತ್ತಿದ್ದೆ.

ಶಾಟ್ ಮುಂದೆ ಹೋಗಿಬಿಟ್ಟಿದೆ. ಹಾಂ, ಇಲ್ಲಿ ಬೇರೆ ಮೊಬೈಲು, ಬೇರೆ ವೈರು ಹಚ್ಚಿ ನೋಡಿದ್ದೇನೆ. ಅದೇ ಸದ್ದು. ಸೋರ್ಸ್ ತಪ್ಪಲ್ಲ. ಡಬ್ಬಿಯ ಸ್ಕ್ರೂ, ಹಿಂದಿನ ಪ್ಲೇಟು, ಮುಂದಿನ ಜಾಳಿಗೆ, ಎಲ್ಲ ಒತ್ತಿ ಹಿಡಿದು ನೋಡಿದ್ದೇನೆ. ಎಷ್ಟೋ ಸಲ ಬರೀ ಒಂದು ಸಡಿಲ ಸ್ಕ್ರೂ ಇಷ್ಟೇ ಸದ್ದು ಮಾಡುತ್ತದೆ, ಹಾಗಾಗಿ ಇದನ್ನು ಬಿಡಬೇಡಿ.

ಈಗ ಮುಖ್ಯವಾದದ್ದು. ಪ್ಲಗ್ ಕಿತ್ತು ಪಕ್ಕಕ್ಕೆ ಇಟ್ಟಿದ್ದೇನೆ, ಗಮನಿಸಿ. ಕಿತ್ತ ಮೇಲೂ ದೊಡ್ಡ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಬೋರ್ಡಿಗೆ ಕೈ ಹಾಕಬೇಡಿ. ನಮಗೆ ಬೇಕಾಗಿರುವುದು ವೂಫರಿಗೆ ಹೋಗುವ ಎರಡು ವೈರ್ ಮಾತ್ರ.

ಆ ಎರಡು ವೈರ್ ಬಿಡಿಸಿ ಅದಕ್ಕೆ ನಮ್ಮ ಹಳೇ ಟೇಪ್ ಡೆಕ್ಕಿನ ಡಬ್ಬಾ ಸ್ಪೀಕರ್ ಹಚ್ಚಿದ್ದೇನೆ. ಇದು 8 ಓಮಿನದು, ಆಂಪಿಗೆ ಭಾರ ಆಗಲ್ಲ. ಹಚ್ಚಿದ ಮೇಲೆಯೇ ಪ್ಲಗ್ ಮತ್ತೆ ಹಾಕಿದ್ದೇನೆ, ವಾಲ್ಯೂಮ್ ತೀರಾ ಸಣ್ಣದು. ಕೇಳಿ. ಹಾಡಿನ ಮಾತು ಬರಲ್ಲ, ಬರೀ ಕೆಳಗಿನ ದಪ್ಪ ಸದ್ದು ಬರುತ್ತದೆ, ಯಾಕೆಂದರೆ ಈ ವೈರಿನಲ್ಲಿ ಬರುವುದೇ ಅಷ್ಟು. ಆದರೆ ಸ್ವಚ್ಛ ಇದೆ! ಗರಗರ ಇಲ್ಲ. ಅಂದರೆ ಆಂಪ್ ಚೆನ್ನಾಗಿದೆ. ಈ ಒಂದು ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ಇದನ್ನು ಅಂಗಡಿಯಲ್ಲಿ ಮಾಡಿ, ಆಮೇಲೆ "ವೂಫರ್ ಹೋಗೇತಿ" ಅಂದಿದ್ದರೆ ನಾನು ಒಪ್ಪುತ್ತಿದ್ದೆ.

ಹಾಗಾದರೆ ವೂಫರೇ. ಆದರೆ ವೂಫರಿನಲ್ಲಿ ಏನು? ಪೂರ್ತಿ ಹೋಗಿದೆಯಾ, ಒಂದು ಭಾಗ ಮಾತ್ರಾನಾ?

ಪ್ಲಗ್ ಮತ್ತೆ ಕಿತ್ತಿದ್ದೇನೆ. ವೂಫರಿನ ಸ್ಕ್ರೂ ಬಿಚ್ಚುವಾಗ ಒಂದು ಮಾತು. ಹಿಂದೆ ದೊಡ್ಡ ಮ್ಯಾಗ್ನೆಟ್ ಇದೆ, ಸ್ಕ್ರೂಡ್ರೈವರನ್ನು ಗಪ್ಪನೆ ಎಳೆಯುತ್ತದೆ. ಕೈ ಜಾರಿದರೆ ಕೋನಿಗೆ, ಅಂದರೆ ವೂಫರಿನ ಮುಂದೆ ಆಡುವ ಬಟ್ಟಲಿನಂಥ ಭಾಗಕ್ಕೆ, ತೂತು. ಅದಕ್ಕೇ ಕೋನ್ ಮೇಲೆ ರಟ್ಟು ಮುಚ್ಚಿದ್ದೇನೆ.

ಮೀಟರ್. ಇದು 300 ರೂಪಾಯಿಯ ಸಾದಾ ಮೀಟರ್. ವೂಫರಿಗೆ ಹಚ್ಚಿದರೆ 3.7 ಓಮ್ ತೋರಿಸುತ್ತಿದೆ. ಎರಡೂ ಪ್ರೋಬ್ ಒಂದಕ್ಕೊಂದು ತಾಗಿಸಿದರೆ 0.3 ಬರುತ್ತದೆ, ಅದು ವೈರಿನದ್ದೇ ಲೆಕ್ಕ. ಕಳೆದರೆ 3.4. 4 ಓಮಿನ ವೂಫರಿಗೆ ಇದು ಸರಿಯಾದ ಅಳತೆ. 4 ಅಂತ ಬರೆದಿದ್ದರೂ ಮೀಟರಿನಲ್ಲಿ ಯಾವಾಗಲೂ ಸ್ವಲ್ಪ ಕಡಿಮೆಯೇ ಬರುತ್ತದೆ, ಹೆದರಬೇಡಿ. ಕಾಯಿಲ್, ಅಂದರೆ ಕೋನಿನ ಹಿಂದೆ ಇರುವ ತಾಮ್ರದ ತಂತಿಯ ಸುರುಳಿ, ಹರಿದಿದ್ದರೆ ಯಾವ ಅಳತೆಯೂ ತೋರಿಸುತ್ತಿರಲಿಲ್ಲ. ಸುಟ್ಟು ಸುತ್ತುಗಳು ಒಂದಕ್ಕೊಂದು ಅಂಟಿದ್ದರೆ ಒಂದೋ ಒಂದೂವರೆಯೋ ಬರುತ್ತಿತ್ತು. ಕಾಯಿಲ್ ಬದುಕಿದೆ ಅಂತಾಯಿತು.

ಈಗ ಕೈ ಪರೀಕ್ಷೆ. ಎರಡೂ ಕೈಯ ಬೆರಳುಗಳನ್ನು ಕೋನಿನ ಸುತ್ತ ಸಮನಾಗಿ ಇಟ್ಟು, ನಿಧಾನಕ್ಕೆ ಒತ್ತಬೇಕು. ನಡುವಿನ ಟೋಪಿ ಒತ್ತಬೇಡಿ, ತಗ್ಗು ಬೀಳುತ್ತದೆ. ಫ್ಯಾನ್ ಆಫ್ ಮಾಡಿದ್ದೇನೆ, ಕೇಳಿ. ಕರ್... ಕರ್... ಕೇಳಿತಾ? ಒಂದೇ ಕಡೆ ಉಜ್ಜುತ್ತಿದೆ. ಬಲಗಡೆ ಸ್ವಲ್ಪ ಎತ್ತಿ ಹಿಡಿದು ಒತ್ತಿದರೆ ಸದ್ದೇ ಇಲ್ಲ! ನನಗಂತೂ ಇಲ್ಲಿ ಬಹಳ ಖುಷಿಯಾಯಿತು.

ಒಳಗೆ ಏನಾಗಿದೆ ಅಂದರೆ, ಮ್ಯಾಗ್ನೆಟ್ ನಡುವೆ ಒಂದು ದುಂಡನೆಯ ಸಂದು ಇರುತ್ತದೆ, ಬಹಳ ಸಣ್ಣದು. ಕಾಯಿಲ್ ಅದರೊಳಗೆ ಯಾವ ಗೋಡೆಗೂ ತಾಗದೆ ಮೇಲೆ ಕೆಳಗೆ ಆಡಬೇಕು. ಕಾಯಿಲಿನ ಎರಡೂ ಬದಿ ಉಳಿಯುವ ಜಾಗ ಒಂದು ಮಿಲಿಮೀಟರ್ ಕೂಡ ಇರಲ್ಲ. ಅದನ್ನು ನಡುವೆ ಹಿಡಿದು ನಿಲ್ಲಿಸುವುದು ಕೆಳಗಿನ ಸ್ಪೈಡರ್, ಈ ಹಳದಿ ಅಲೆಅಲೆ ಬಟ್ಟೆ. ಈ ಶಾಟಿನಲ್ಲಿ ಕಾಣುತ್ತಿದೆ ನೋಡಿ, ಒಂದು ಕಡೆ ಸ್ಪೈಡರ್ ಅಂಟು ಬಿಟ್ಟು ಎದ್ದಿದೆ. ಹಾಗಾಗಿ ಕಾಯಿಲ್ ವಾಲಿದೆ, ಗೋಡೆಗೆ ಉಜ್ಜುತ್ತಿದೆ. ಕೋನ್ ಹರಿದಿಲ್ಲ, ಸುತ್ತಲಿನ ರಬ್ಬರ್ ಚೆನ್ನಾಗಿದೆ. ಇದು ಫೋಮಿನದಾಗಿದ್ದರೆ ನಮ್ಮ ಬಿಸಿಲಿಗೆ ಇಷ್ಟರಲ್ಲಿ ಪುಡಿಪುಡಿ ಆಗಿರುತ್ತಿತ್ತು.

ಅಂಟು ಯಾಕೆ ಬಿಟ್ಟಿತು? ಶಾಖ, ಮತ್ತು ಅತಿಯಾದ ಕುಣಿತ. ಸ್ಪೀಕರಿಗೆ ಕೊಟ್ಟ ಕರೆಂಟಿನಲ್ಲಿ ಸದ್ದಾಗಿ ಹೊರಬರುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಉಳಿದಿದ್ದೆಲ್ಲ ಕಾಯಿಲಿನಲ್ಲಿ ಶಾಖ. ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸಿದರೆ ಚರ್ಮ ಬಿಗಿಯಾಗಿ ನಾದ ಏರುತ್ತದೆ, ಕಾಯಿಲ್ ಕಾದರೆ ಉಲ್ಟಾ. ತಾಮ್ರ ಒಂದೊಂದು ಡಿಗ್ರಿ ಕಾದಂತೆ ಅದರ ರೆಸಿಸ್ಟೆನ್ಸ್ 0.39 ಪರ್ಸೆಂಟ್ ಏರುತ್ತದೆ. 100 ಡಿಗ್ರಿ ಏರಿದರೆ ನಮ್ಮ 3.4 ಹೋಗಿ 4.7 ಆಗುತ್ತದೆ. ಅಂದರೆ ಅದೇ ವಾಲ್ಯೂಮಿನಲ್ಲಿ ಸದ್ದು ಇಳಿಯುತ್ತದೆ. ಹುಡುಗರಿಗೆ "ಯಾಕೋ ಬೇಸ್ ಕಡಿಮೆ ಆತಲ್ಲ" ಅನ್ನಿಸುತ್ತದೆ, ಇನ್ನೂ ತಿರುಗಿಸುತ್ತಾರೆ, ಅದು ಇನ್ನೂ ಕಾಯುತ್ತದೆ. ಮಧ್ಯಾಹ್ನದವರೆಗೆ ಇದೇ ನಡೆದಿರುತ್ತದೆ. ಹಾಗಾಗಿ ಜೋರಾಗಿ ಹಾಕಿದಾಗ ಬೇಸ್ ಇಳಿದಂತೆ ಅನ್ನಿಸಿದರೆ ಏರಿಸಬೇಡಿ, ನಿಲ್ಲಿಸಿ, ಆರಲು ಬಿಡಿ.

ಬೇಸ್ ಬೂಸ್ಟ್ ಬಟನ್ನೇ ತೆಗೆದುಹಾಕಬೇಕು ನನ್ನ ಕೇಳಿದರೆ. 3 ಡೆಸಿಬೆಲ್ ಏರಿಸಿದರೆ ಪವರ್ ಎರಡು ಪಟ್ಟು. 10 ಏರಿಸಿದರೆ ಹತ್ತು ಪಟ್ಟು, ಕಿವಿಗೆ ಮಾತ್ರ ಎರಡು ಪಟ್ಟು ಜೋರು ಅನ್ನಿಸುತ್ತದೆ ಅಷ್ಟೇ. ಆಂಪಿನ ಶಕ್ತಿ ಮುಗಿದ ಮೇಲೆ ಅಲೆಯ ತಲೆ ಸಪಾಟಾಗುತ್ತದೆ, ಅದು ಕಾಯಿಲನ್ನು ಇನ್ನೂ ಜಾಸ್ತಿ ಕಾಯಿಸುತ್ತದೆ. ಡಬ್ಬಿ ಮೇಲೆ ಬರೆದಿರುವ ಪಿಎಂಪಿಒ ಅಂಕಿ, ಅಂದರೆ ಕ್ಷಣಮಾತ್ರದ ಪವರ್ ಅಂತ ಉಬ್ಬಿಸಿ ಬರೆದದ್ದು, ನೋಡಿ ನಮ್ಮದು ತಡೆಯುತ್ತದೆ ಅಂದುಕೊಳ್ಳಬೇಡಿ. ಆರ್‌ಎಂಎಸ್, ಅಂದರೆ ಸತತವಾಗಿ ನಡೆಯುವ ಪವರ್, ಎಷ್ಟು ಅಂತ ನೋಡಿ. ಅದನ್ನೇ ನಂಬಿ.

ಅಂಟಿಸುವ ಕೆಲಸ ನಾನು ಮಾಡಲಿಲ್ಲ. ಕಾಯಿಲನ್ನು ಸರಿಯಾಗಿ ನಡುವೆ ಕೂರಿಸುವುದು ಕೈ ಪಳಗಿದವರ ಕೆಲಸ. ಹಳೇ ಊರಿನಲ್ಲಿ ಒಬ್ಬರು ಕಾಕಾ ಇದ್ದಾರೆ, ಮಂಟಪದವರ ಲೌಡ್‌ಸ್ಪೀಕರ್‌ಗಳನ್ನು ರಿಪೇರಿ ಮಾಡುತ್ತಾರೆ. ಮುಖ ತೋರಿಸಬೇಡ ಅಂದರು, ಹಾಗಾಗಿ ಬರೀ ಕೈ ಕಾಣುತ್ತದೆ. ಆಲಮಟ್ಟಿ ಹಿನ್ನೀರು ಬಂದಾಗ ಅರ್ಧ ಊರು ನವನಗರಕ್ಕೆ ಹೋಯಿತಲ್ಲ, ಇವರು ಹೋಗಲಿಲ್ಲವಂತೆ. "ಗಿರಾಕಿ ಇಲ್ಲೇ ಅದಾರ, ನಾ ಎಲ್ಲಿ ಹೋಗ್ಲಿ ತಮ್ಮಾ" ಅಂದರು. ಅವರ ಅಂಗಡಿ ಹತ್ತಿರ ಗಿರ್ಮಿಟ್ ಗಾಡಿ ಇದೆ, ಮಿರ್ಚಿ ಬಿಸಿಬಿಸಿ ಇರುತ್ತದೆ, ಅದರ ವಿಡಿಯೋ ಬೇರೆ ಮಾಡುತ್ತೇನೆ. ಇಲ್ಲಿ ನೋಡಿ ಇಲ್ಲಿ, ಬ್ಲೇಡಿನಿಂದ ನಡುವಿನ ಟೋಪಿ ಬಿಡಿಸಿದರು. ಹಳೇ ಎಕ್ಸ್‌ರೇ ಫಿಲ್ಮನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಕಾಯಿಲಿನ ಒಳಗೆ ಸುತ್ತಲೂ ಇಳಿಸಿದರು. ಈಗ ಕಾಯಿಲ್ ಅಲುಗಾಡಲ್ಲ, ಸರಿಯಾಗಿ ನಡುವೆ ನಿಂತಿದೆ. ಆಮೇಲೆ ಹಳೇ ಅಂಟು ಕೆರೆದು, ಎರಡು ಟ್ಯೂಬಿನ ಅರಾಲ್ಡೈಟ್ ಕಲಸಿ ಸ್ಪೈಡರ್ ಕೂರಿಸಿದರು. ಫೆವಿಕ್ವಿಕ್ ಹಾಕಬಾರದಾ ಅಂತ ಕೇಳಿದೆ. "ಅದು ಬಿರುಸು ಆಗಿ ಕುಣಿತಕ್ಕ ಒಡೀತೇತಿ" ಅಂದರು. ನಿಜ. ಕಾಯಿಲ್ ಬಣ್ಣ ಸ್ವಲ್ಪ ಕಂದಾಗಿದೆ, ವಾರ್ನಿಷ್ ಎದ್ದಿಲ್ಲ. ಪೂರ್ತಿ ಸುಟ್ಟಿದ್ದರೂ ಹೊಸ ಕಾಯಿಲ್ ಕಟ್ಟಿ ಕೊಡುತ್ತೇನೆ ಅಂದರು.

ಒಂದು ಹಗಲು ಒಂದು ರಾತ್ರಿ ಒಣಗಲು ಬಿಟ್ಟು, ಪಟ್ಟಿ ತೆಗೆದು, ಟೋಪಿ ಅಂಟಿಸಿ ಕೊಟ್ಟರು. 350 ರೂಪಾಯಿ. 2,400 ಎಲ್ಲಿ, 350 ಎಲ್ಲಿ? ಕೆಲಸ ನೋಡಿದ ಮೇಲೆ 350 ಕಡಿಮೆಯಾಯಿತು ಅನ್ನಿಸಿತು, 400 ಕೊಟ್ಟೆ. 50 ವಾಪಸ್ ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ.

ಈಗ ಮನೆ. ಕೂರಿಸುವುದನ್ನು ಫಾಸ್ಟ್ ಮಾಡಿದ್ದೇನೆ. ಸುಮ್ನೆ ಹಾಡು ಹಾಕುವ ಮೊದಲು 50 ಹರ್ಟ್ಸ್ ಟೋನ್, ಅಂದರೆ ಸೆಕೆಂಡಿಗೆ 50 ಸಲ ಕಂಪಿಸುವ ಒಂದೇ ಸಮನೆಯ ಸದ್ದು, ಸಣ್ಣ ವಾಲ್ಯೂಮಿನಲ್ಲಿ. ಹಾಡಿನಲ್ಲಿ ಗರಗರ ಅಡಗಿಬಿಡುತ್ತದೆ, ಟೋನಿನಲ್ಲಿ ಅಡಗಲ್ಲ. 40... 60... 80... ಎಲ್ಲೂ ಕೆರೆತ ಇಲ್ಲ. ಆಹಾ, ಎಷ್ಟು ನುಣ್ಣಗಿದೆ! 30ಕ್ಕೆ ಇಳಿಸಿದಾಗ ನೋಡಿ, ಸದ್ದು ಕಡಿಮೆ, ಕೋನ್ ಮಾತ್ರ ಹುಚ್ಚಾಪಟ್ಟೆ ಆಡುತ್ತಿದೆ. ತೂತು ಇರುವ ಡಬ್ಬಿಗಳ ಗುಣವೇ ಅದು. ಒಂದು ಮಟ್ಟಕ್ಕಿಂತ ಕೆಳಗೆ ಒಳಗಿನ ಗಾಳಿ ಕೋನನ್ನು ಹಿಡಿಯಲ್ಲ. ಅಲ್ಲಿ ಜೋರು ಮಾಡಿದರೆ ಕಾಯಿಲ್ ಹೋಗಿ ಹಿಂದಿನ ಪ್ಲೇಟಿಗೆ ಬಡಿಯುತ್ತದೆ, ಟಕ್ ಟಕ್ ಅಂತ. ಆ ಟಕ್ ಕೇಳಿದ ಕೂಡಲೇ ಇಳಿಸಿಬಿಡಿ.

ಬೇಸ್ ಬೂಸ್ಟ್ ತೆಗೆದುಹಾಕಬೇಕು ಅಂದೆ ಅಲ್ವಾ, ಅದನ್ನು ತಿದ್ದುತ್ತೇನೆ. ರಾತ್ರಿ ಎಲ್ಲರೂ ಮಲಗಿದಾಗ ಸಣ್ಣಗೆ ಹಾಡು ಕೇಳಲು ಅದು ಬೇಕು. ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ಬೇಸ್ ತೀರಾ ಕಡಿಮೆ ಕೇಳಿಸುತ್ತದೆ. ಇರಲಿ, ಜೋರು ಹಾಕುವಾಗ ಆಫ್ ಮಾಡಿ. ಬೇಸ್ ಜಾಸ್ತಿ ಬೇಕಾದರೆ ಡಬ್ಬಿಯನ್ನು ಕೋಣೆಯ ಮೂಲೆಗೆ ತಳ್ಳಿ. ಎರಡು ಗೋಡೆ ಸೇರುವ ಕಡೆ ಬೇಸ್ ತಾನೇ ಏರುತ್ತದೆ, ಆಂಪಿಗೆ ಭಾರ ಇಲ್ಲ. ಬಯಲಿನಲ್ಲಿ ಆ ಗೋಡೆಗಳಿಲ್ಲ, ಹಾಗಾಗಿ ಮನೆಯ ಸಬ್‌ವೂಫರ್ ಕಟ್ಟೆ ಮೇಲೆ ಎಷ್ಟು ತಿರುಗಿಸಿದರೂ ಸಾಲಲ್ಲ. ಮುಂದಿನ ಹೋಳಿಗೆ ಬಾಡಿಗೆ ಸೆಟ್ ತರುತ್ತೇವೆ ಅಂತ ಕಾಕಾನ ಮಕ್ಕಳು ಒಪ್ಪಿದ್ದಾರೆ.

ನಿಮ್ಮ ಸೆಟ್ ಹೀಗೆ ಗರ್ರ್ ಅನ್ನುತ್ತಿದ್ದರೆ ಬೇರೆ ಸ್ಪೀಕರ್ ಹಚ್ಚಿ ನೋಡಿ, ಏನು ಕೇಳಿಸಿತು ಅಂತ ಕೆಳಗೆ ಬರೆಯಿರಿ, ನಾನು ಓದುತ್ತೇನೆ. ಅವ್ವ ಜೋಳದ ಚೀಲ ಬಾಗಿಲಿಗೆ ತಂದಿಟ್ಟಿದ್ದಾಳೆ, ಗಿರಣಿ ಮುಚ್ಚುವ ಹೊತ್ತಾಯಿತು. ಕ್ಯಾಮೆರಾ ಆಫ್ ಮಾಡುತ್ತೇನೆ.