ಪರದೆ ಮುಚ್ಚಿ ಇಂಗ್ಲಿಷ್ ಕೇಳಿಸುವುದು

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಗ್ಲಿಷ್ ಸಿನಿಮಾ ನೋಡಿದರೆ ಇಂಗ್ಲಿಷ್ ತಾನಾಗಿಯೇ ಬರುತ್ತದೆ ಎಂದು ನಮ್ಮ ಕಡೆಯ ಪಾಲಕರು ನಂಬಿಬಿಟ್ಟಿದ್ದಾರೆ. ಶಾಲೆಗಳದ್ದೂ ಹೆಚ್ಚುಕಡಿಮೆ ಅದೇ ನಂಬಿಕೆ. ಸ್ಮಾರ್ಟ್ ಕ್ಲಾಸಿನ ಕೋಣೆಗೆ ದೊಡ್ಡ ಟಿವಿ ಬಂತು, ಶನಿವಾರದ ಕೊನೆಯ ಪೀರಿಯಡ್ಡಿಗೆ ಒಂದು ಸಿನಿಮಾ ಹಚ್ಚಿದರು. ಮಕ್ಕಳು ಖುಷಿಯಿಂದ ನೋಡಿದರು, ಮಾಸ್ತರರು ಹಿಂದೆ ಕೂತು ಬಾಕಿ ಉಳಿದ ಅಂಕಪಟ್ಟಿ ಬರೆದು ಮುಗಿಸಿದರು. ಎಲ್ಲರಿಗೂ ಅನುಕೂಲ.

ನಾನು ಗದಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಒಮ್ಮೆ ಒಂದು ದೃಶ್ಯ ಮುಗಿಯುತ್ತಲೇ ಟಿವಿ ನಿಲ್ಲಿಸಿ, "ಆ ಮನುಷ್ಯ ಏನಂದನಪಾ?" ಎಂದು ಕೇಳಿದೆ. ಹಿಂದಿನ ಬೆಂಚಿನವನು ಎದ್ದು, "ಏನಂದಾ ತಿಳೀಲಿಲ್ರಿ ಸರ್, ಆದ್ರ ಬಾಳ ಸಿಟ್ಟಿಗೆದ್ದಾನ್ರಿ" ಎಂದ. ಉತ್ತರ ತಪ್ಪೇನಲ್ಲ. ಆದರೆ ಆ ಉತ್ತರಕ್ಕೆ ಇಂಗ್ಲಿಷ್ ಬೇಕೇ ಇರಲಿಲ್ಲ. ಮುಖ ಕೆಂಪಾದದ್ದು ಕಂಡಿತ್ತು, ಬಾಗಿಲು ಧಡಾರನೆ ಹಾಕಿಕೊಂಡದ್ದು ಕಂಡಿತ್ತು. ಕಣ್ಣು ಎಲ್ಲ ಕೆಲಸ ಮಾಡಿ ಮುಗಿಸಿತ್ತು, ಕಿವಿ ಸುಮ್ಮನೆ ಕೂತಿತ್ತು.

ಹಾಗಾಗಿ ಈ ಮಾತು. ಇಂಗ್ಲಿಷ್ ಕೇಳುವುದನ್ನು ಕಲಿಸಲು ಸಿನಿಮಾ, ವಿಡಿಯೋ ಬಹಳ ಒಳ್ಳೆಯ ಸಾಧನ, ಸಂಶಯವಿಲ್ಲ. ಆದರೆ ಪರದೆಯನ್ನು ಯಾವಾಗ ತೋರಿಸಬೇಕು, ಯಾವಾಗ ಮುಚ್ಚಬೇಕು ಎನ್ನುವುದರಲ್ಲೇ ಮಾಸ್ತರರ ಕೆಲಸವೆಲ್ಲ ಇದೆ.

ನಮ್ಮ ಮಕ್ಕಳಿಗೆ ಕಷ್ಟವಾಗುವುದು ದೊಡ್ಡ ದೊಡ್ಡ ಶಬ್ದಗಳಲ್ಲ, ಸಣ್ಣವು. ಕನ್ನಡದಲ್ಲಿ ಒಂದೊಂದು ಅಕ್ಷರಕ್ಕೂ ಅದರದರ ಪಾಲು ಸಿಗುತ್ತದೆ. ಇಂಗ್ಲಿಷ್ ಮಾತನಾಡುವವರು ಮುಖ್ಯ ಶಬ್ದವನ್ನು ಒತ್ತಿ ಹೇಳಿ, ನಡುವಿನ ಟು, ಆಫ್, ಹ್ಯಾವ್‌ಗಳನ್ನು ಅರ್ಧ ನುಂಗಿಬಿಡುತ್ತಾರೆ. ನಾವು ಕಲಿಸುವುದು "ವಾಟ್ ಆರ್ ಯು ಗೋಯಿಂಗ್ ಟು ಡೂ", ಸಿನಿಮಾದಲ್ಲಿ ಕೇಳಿಸುವುದು "ವಾಟಾಯಾ ಗೊನ ಡೂ". ಪುಸ್ತಕದಲ್ಲಿ ಕನ್ನಡ ಕಲಿತವರೊಬ್ಬರು ಹುಬ್ಬಳ್ಳಿಯ ದುರ್ಗದಬೈಲಿಗೆ ಬಂದರು ಎನ್ನಿ. "ಎಲ್ಲಿಗೆ ಹೋಗುತ್ತಿದ್ದೀರಿ" ಅವರಿಗೆ ಗೊತ್ತು, "ಎತ್ಲಾಗ ಹೊಂಟೀರಿ?" ಎಂದು ಯಾರಾದರೂ ಕೇಳಿದರೆ ಕಣ್ಣು ಕಣ್ಣು ಬಿಡುತ್ತಾರೆ. ನಮ್ಮ ಮಕ್ಕಳ ಪಾಡೂ ಅದೇ.

ಕೆಲವೊಮ್ಮೆ ಅರ್ಥವೇ ತಲೆಕೆಳಗಾಗುತ್ತದೆ. "ನಾನು ಬರಬಲ್ಲೆ" ಎನ್ನುವಾಗ ಅಮೆರಿಕದವರ ಬಾಯಲ್ಲಿ "ಐ ಕ್ಯಾನ್ ಕಮ್" ಎನ್ನುವುದು "ಐಕನ್ ಕಮ್" ಆಗುತ್ತದೆ, ಕ್ಯಾನ್ ಸಪ್ಪಗಾಗಿ ಹೋಗುತ್ತದೆ. "ಬರಲಾರೆ" ಎನ್ನುವಾಗ, ಅಂದರೆ "ಐ ಕ್ಯಾಂಟ್ ಕಮ್" ಎನ್ನುವಾಗ, ಕ್ಯಾನ್ ಸ್ಪಷ್ಟವಾಗಿ, ಒತ್ತಿ ಬರುತ್ತದೆ, ಕ್ಯಾಂಟ್‌ನ ಕೊನೆಯ ಟಕಾರ ಮಾತ್ರ ಗಂಟಲಲ್ಲೇ ಉಳಿಯುತ್ತದೆ. ನಮ್ಮ ಹುಡುಗ ಸ್ಪಷ್ಟವಾದ ಕ್ಯಾನ್ ಕೇಳಿ "ಬರತಾನಂತ್ರಿ ಸರ್" ಎನ್ನುತ್ತಾನೆ. ಪರದೆಯ ಮೇಲಿನವನು ಬರುವುದಿಲ್ಲ ಎಂದಿರುತ್ತಾನೆ. ಇದನ್ನು ಬೋರ್ಡಿನ ಮೇಲೆ ಬರೆದು ತಿಳಿಸಲು ಆಗುವುದಿಲ್ಲ. ಎರಡನ್ನೂ ಒಂದರ ಹಿಂದೆ ಒಂದು, ನಾಲ್ಕಾರು ಸಲ ಕೇಳಿಸಬೇಕು. ವಿಡಿಯೋ ಹೆಚ್ಚು ಉಪಯೋಗಕ್ಕೆ ಬರುವುದು ಇಂಥ ಕಡೆ, ಎಷ್ಟು ಸಲ ಹಿಂದಕ್ಕೆ ತಿರುಗಿಸಿದರೂ ಅದಕ್ಕೆ ಬೇಸರವಿಲ್ಲ. ಯೂಟ್ಯೂಬಿನಲ್ಲಿ ವೇಗವನ್ನು ಮುಕ್ಕಾಲಿಗೆ ಇಳಿಸುವ ಸೌಕರ್ಯವೂ ಇದೆ. ಇನ್ನೂ ಇಳಿಸಬೇಡಿ, ಮಾತು ಎಳೆದೆಳೆದು ಕುಡುಕನ ಮಾತಿನ ಹಾಗೆ ಕೇಳಿಸುತ್ತದೆ, ಕ್ಲಾಸು ನಗೆಯಲ್ಲೇ ಮುಗಿಯುತ್ತದೆ.

ಪೂರ್ತಿ ಸಿನಿಮಾ ಬೇಡ. ಇಬ್ಬರು ಕೂತು ಮಾತನಾಡುವ ಎರಡು ನಿಮಿಷದ ದೃಶ್ಯ ಸಾಕು. ಮೊದಲ ಸಲ ಟಿವಿಯ ಮೇಲೆ ಹಳೇ ಚಾದರ ಹೊದಿಸಿ ಧ್ವನಿ ಮಾತ್ರ ಕೇಳಿಸುತ್ತೇನೆ. ಎಷ್ಟು ಜನ ಇದ್ದಾರೆ, ಮನೆಯೊಳಗೋ ರಸ್ತೆಯಲ್ಲೋ, ಯಾರು ಯಾರಿಗೆ ಏನು ಬೇಡುತ್ತಿದ್ದಾರೆ, ಇಷ್ಟೇ ಪ್ರಶ್ನೆ. ಎರಡನೇ ಸಲವೂ ಚಾದರ ತೆಗೆಯುವುದಿಲ್ಲ. ಆಗ ಕೈಯಲ್ಲಿ ಒಂದು ಹಾಳೆ ಕೊಡುತ್ತೇನೆ, ಬಿಟ್ಟ ಸ್ಥಳ ತುಂಬಿರಿ ಎಂದು. ಇಲ್ಲಿ ನಾವು ಮಾಸ್ತರರು ಸಾಮಾನ್ಯವಾಗಿ ದೊಡ್ಡ ಶಬ್ದಗಳ ಜಾಗ ಬಿಡುತ್ತೇವೆ: ಹಾಸ್ಪಿಟಲ್, ಬರ್ತ್‌ಡೇ, ಅಂಬ್ರೆಲಾ. ಅವು ಹೇಗೂ ಕೇಳಿಸುತ್ತವೆ. ಬಿಡಬೇಕಾದದ್ದು ಆ ನುಂಗಿಹೋದ ಸಣ್ಣ ಶಬ್ದಗಳ ಜಾಗ. ಮೂರನೇ ಸಲ ಚಾದರ ಸರಿಸಿದಾಗ ವರ್ಗದಲ್ಲಿ ಏಳುವ ಗದ್ದಲ ಕೇಳಬೇಕು. "ನಾ ಹೇಳಿದ್ದಿಲ್ಲೇನು, ಅಕಿ ಅವ್ವ ಅಲ್ಲ, ಅಕ್ಕ!" ಎಂದು ಒಬ್ಬರಿಗೊಬ್ಬರು ಜಗಳ. ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡದ ಜಗಳ ನಡೆದರೆ ನನಗೇನೂ ತಕರಾರಿಲ್ಲ.

ತೀರಾ ಹೊಸಬರಿಗೆ ಇದೇ ಕ್ರಮ ಹೆದರಿಕೆ ಹುಟ್ಟಿಸಬಹುದು. ಅವರಿಗೆ ಉಲ್ಟಾ ಮಾಡಬೇಕು: ಮೊದಲು ಸದ್ದಿಲ್ಲದೆ ಚಿತ್ರ ತೋರಿಸಿ, ಏನು ಮಾತನಾಡಿರಬಹುದು ಎಂದು ಅವರಿಂದಲೇ ಹೇಳಿಸಿ, ಆಮೇಲೆ ಕೇಳಿಸುವುದು.

ಇನ್ನು ಅಕ್ಷರದ ಸಾಲು, ಅಂದರೆ ಸಬ್‌ಟೈಟಲ್. ಕನ್ನಡದ ಸಬ್‌ಟೈಟಲ್ ಹಾಕಿದರೆ ಕತೆ ತಿಳಿಯುತ್ತದೆ, ಇಂಗ್ಲಿಷ್ ಬರೀ ಸದ್ದಾಗಿ ಉಳಿಯುತ್ತದೆ. ಇಂಗ್ಲಿಷ್ ಮಾತಿಗೆ ಇಂಗ್ಲಿಷ್ ಸಾಲು ಹಾಕಬಹುದಲ್ಲ ಎನ್ನುವವರಿದ್ದಾರೆ. ಅಹಮದಾಬಾದಿನ ಐಐಎಂನಲ್ಲಿ ಬ್ರಿಜ್ ಕೊಠಾರಿಯವರು 1996ರಲ್ಲಿ ಇಂಥದೇ ಒಂದು ಯೋಚನೆಗೆ ಕೈ ಹಾಕಿದರು. ಟಿವಿಯ ಸಿನಿಮಾ ಹಾಡಿನ ಕೆಳಗೆ ಅದೇ ಭಾಷೆಯ ಸಾಲು ಓಡಿಸಿದರೆ ಅರೆಬರೆ ಓದು ಬಲ್ಲವರು ಓದಲು ರೂಢಿಯಾಗುತ್ತಾರೆ ಎಂಬುದು ಅವರ ವಿಚಾರ. ಚಂದದ ವಿಚಾರವೇ, ಆದರೆ ಅದು ಓದಿಗಾಗಿ ಹುಟ್ಟಿದ್ದು. ಕೇಳುವುದನ್ನು ಕಲಿಸುವಾಗ ಆ ಸಾಲನ್ನು ಕೊನೆಗೆ ಇಡಬೇಕು, ತಾವು ಕೇಳಿದ್ದು ಸರಿಯೋ ತಪ್ಪೋ ನೋಡಿಕೊಳ್ಳಲು. ಯೂಟ್ಯೂಬ್ ತಾನೇ ಬರೆಯುವ ಸಾಲುಗಳಲ್ಲಿ ಊರು, ಹೆಸರು ಬಂದಲ್ಲೆಲ್ಲ ತಪ್ಪು ಜಾಸ್ತಿ. ಅದನ್ನೂ ನಾನು ಬಿಟ್ಟುಕೊಡುವುದಿಲ್ಲ. ಯಂತ್ರದ ತಪ್ಪು ಹಿಡಿಯಿರಿ ಎಂದರೆ ಸಾಕು, ನಮ್ಮ ಹುಡುಗರ ಕಿವಿ ಚುರುಕಾಗುತ್ತದೆ.

ಯಾವ ವಿಡಿಯೋ ಒಳ್ಳೆಯದು? ಗುಂಡು ಹಾರಿಸುವ, ಕಾರು ಉರುಳಿಸುವ ಚಿತ್ರಗಳು ಬೇಡ, ಅವುಗಳಲ್ಲಿ ಮಾತೇ ಕಡಿಮೆ, ಇದ್ದದ್ದೂ ಹಿನ್ನೆಲೆ ಸಂಗೀತದಲ್ಲಿ ಮುಳುಗಿರುತ್ತದೆ. ಪ್ರಾಣಿಪಕ್ಷಿಗಳ ಸಾಕ್ಷ್ಯಚಿತ್ರ ಒಳ್ಳೆಯದು. ನಮ್ಮ ರಾಜ್ಯದ ಕಾಡುಗಳ ಬಗ್ಗೆಯೇ 'ವೈಲ್ಡ್ ಕರ್ನಾಟಕ' ಎಂಬ ಚಿತ್ರವಿದೆ. 2020ರ ಜನವರಿಯಲ್ಲಿ ಚಿತ್ರಮಂದಿರಗಳಿಗೆ ಬಂದದ್ದು. ಅದರ ಇಂಗ್ಲಿಷ್ ನಿರೂಪಣೆ ಡೇವಿಡ್ ಅಟೆನ್‌ಬರೋ ಅವರದು, ಆ ನಿರೂಪಣೆಗೆ ರಾಷ್ಟ್ರಪ್ರಶಸ್ತಿಯೂ ಬಂತು. ಅವರು ಒಂದು ಮಾತು ಹೇಳಿ ಸ್ವಲ್ಪ ತಡೆಯುತ್ತಾರೆ, ಕಣ್ಣಿಗೆ ಕಾಣುವುದನ್ನೇ ಹೇಳುತ್ತಾರೆ, ಹಾಗಾಗಿ ಹೊಸಬರಿಗೂ ಹಿಡಿಯಲು ಆಗುತ್ತದೆ. ಹಾವೇರಿ ಜಿಲ್ಲೆಯ ಮಾಸ್ತರರಾದರೆ ಕೃಷ್ಣಮೃಗದ ಮೇಲಿನ ಒಂದು ವಿಡಿಯೋ ಹುಡುಕಿಕೊಳ್ಳಿ. ರಾಣೆಬೆನ್ನೂರಿನ ಅಭಯಾರಣ್ಯದ ಸುತ್ತಲಿನ ಊರಿನ ಮಕ್ಕಳಿಗೆ ಅದು ಹೊಲಕ್ಕೇ ಬರುವ ಪ್ರಾಣಿ. ವಿಷಯ ಅರ್ಧ ಗೊತ್ತಿದ್ದರೆ ಉಳಿದರ್ಧವನ್ನು ಕಿವಿ ಬೆನ್ನಟ್ಟಿ ಹಿಡಿಯುತ್ತದೆ.

ಕ್ರಿಕೆಟ್ಟನ್ನು ಹೇಗೆ ಬಿಡಲಿ! ಆದರೆ ಟಿವಿಯ ಕಾಮೆಂಟರಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಚೆಂಡು ಎಲ್ಲರಿಗೂ ಕಾಣುತ್ತಿರುವುದರಿಂದ ಅಲ್ಲಿ ಕೂತವರು ಯಾವುದೋ ಹಳೆಯ ಪ್ರವಾಸದ ಕತೆ ಹೇಳುತ್ತಿರುತ್ತಾರೆ. ರೇಡಿಯೋ ಕಾಮೆಂಟರಿಯವರಿಗೆ ಆ ಸೋಮಾರಿತನ ಸಾಗುವುದಿಲ್ಲ. ಬೌಲರ್ ಎಲ್ಲಿಂದ ಓಡಿ ಬಂದ, ಚೆಂಡು ಎಲ್ಲಿ ಬಿತ್ತು, ಕವರ್‌ನಲ್ಲಿ ಯಾರಿದ್ದಾರೆ, ಎಲ್ಲವನ್ನೂ ಬಾಯಿಂದಲೇ ತೋರಿಸಬೇಕು. ಅದೇ ಓವರಿನ ರೇಡಿಯೋ ಧ್ವನಿ ಮೊದಲು ಕೇಳಿಸಿ, ಚೆಂಡು ಹೋದ ದಿಕ್ಕನ್ನು ಹಾಳೆಯ ಮೇಲೆ ಗೆರೆ ಎಳೆಯಲು ಹೇಳಿ, ಆಮೇಲೆ ವಿಡಿಯೋ ತೋರಿಸಿ. ಇದು ಹುಡುಗರಿಗೆ ಮಾತ್ರ ಎಂದು ತಿಳಿಯಬೇಡಿ. ನಮ್ಮ ವರ್ಗದಲ್ಲಿ ಗೆರೆ ತಪ್ಪದೆ ಎಳೆಯುವವಳು ಒಬ್ಬ ಹುಡುಗಿ.

ಶಾಲೆಯಲ್ಲಿ ಸಿನಿಮಾ ತೋರಿಸಿದರೆ ಕಾನೂನಿನ ತೊಡಕು ಬಂದೀತೇ ಎಂದು ಅಂಜುವವರಿಗೆ ಒಂದು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಶಾಲೆಯ ಚಟುವಟಿಕೆಯ ಅಂಗವಾಗಿ, ಸಿಬ್ಬಂದಿ, ವಿದ್ಯಾರ್ಥಿ, ಪಾಲಕರ ಮುಂದೆ ತೋರಿಸುವುದಕ್ಕೆ ಅವಕಾಶ ಕೊಡುತ್ತದೆ. ಊರಿಗೆಲ್ಲ ಡಂಗುರ ಸಾರಿ ಟಿಕೆಟ್ ಹಚ್ಚಿದರೆ ಅದು ಬೇರೆ ಮಾತು.

ಕೊನೆಗೆ ಉಳಿಯುವುದು ಅಂಕಗಳ ಪ್ರಶ್ನೆ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 80 ಅಂಕದ ಲಿಖಿತ ಪರೀಕ್ಷೆ, 20 ಅಂಕದ ಆಂತರಿಕ ಮೌಲ್ಯಮಾಪನ. ಬರೆಯುವ ಪರೀಕ್ಷೆಯಲ್ಲಿ ಕಿವಿಗೆ ಕೆಲಸವಿಲ್ಲ, ಹಾಗಾಗಿ ಇದಕ್ಕೆಲ್ಲ ಯಾಕೆ ಹೊತ್ತು ಹಾಳು ಎನ್ನುತ್ತಾರೆ ಸಹೋದ್ಯೋಗಿಗಳು. ಆ 20ರಲ್ಲಿ ಚಟುವಟಿಕೆ ಎಂದು ನಾವು ಚಾರ್ಟ್ ಬರೆಸಿ, ಬಣ್ಣ ತುಂಬಿಸಿ ಅಂಕ ಕೊಡುತ್ತೇವಲ್ಲ, ಅದರಲ್ಲೊಂದು ಚಾರ್ಟ್ ಕಡಿಮೆ ಮಾಡಿ ಎನ್ನುತ್ತೇನೆ ನಾನು.

ಇನ್ನು ಕರೆಂಟು. ವಿಡಿಯೋವನ್ನು ಹಿಂದಿನ ರಾತ್ರಿಯೇ ಮೊಬೈಲಿಗೆ ಇಳಿಸಿಕೊಂಡಿರಿ, ಜೊತೆಗೊಂದು ಸಣ್ಣ ಸ್ಪೀಕರ್ ಇಟ್ಟುಕೊಳ್ಳಿ. ಪಾಠದ ನಡುವೆ ಟಿವಿ ಆರಿದರೆ ನಿಲ್ಲಿಸಬೇಕಾಗಿಲ್ಲ, ಮೊದಲ ಎರಡು ಸುತ್ತಿಗೆ ಚಿತ್ರ ಹೇಗೂ ಬೇಡ. ನಮಸ್ಕಾರ.