ಮಕ್ತಬಿನ ಭಾಯಿ

ಕೇಳುಗರೆಲ್ಲರಿಗೂ ನಮಸ್ಕಾರ, ಅಸ್ಸಲಾಮು ಅಲೈಕುಮ್.

ಶಾಲೆಗೆ ಮುಂಚೆಯೋ, ಶಾಲೆ ಬಿಟ್ಟಮೇಲೋ ಮಕ್ಕಳು ಮಸೀದಿಯಲ್ಲಿ ಒಂದು ಗಂಟೆ ಕೂತು ಕುರ್‌ಆನ್ ಓದಲು ಕಲಿಯುತ್ತಾರಲ್ಲ, ಅದೇ ಮಕ್ತಬ್. ಕರಾವಳಿಯ ಬ್ಯಾರಿ ಮುಸ್ಲಿಮರು ಮದ್ರಸ ಅಂತಾರೆ, ಕಲಿಸುವವರು ಅವರಿಗೆ ಉಸ್ತಾದ್, ನಮಗೆ ಹಜರತ್. 30 ವರ್ಷ ಅಲ್ಲಿ ಕೂತು ಬಂದ ನನ್ನದು ಒಂದೇ ಮಾತು: ಚಿಕ್ಕವರು ಕಲಿಯುವುದು ದೊಡ್ಡ ಹುಡುಗರನ್ನು ನೋಡಿ.

ತೀರ್ಥಹಳ್ಳಿ ಕಡೆಯ ಒಂದು ಊರು. ಆರಿದ್ರೆ ಮಳೆ ಹಿಡಿದಿತ್ತು. ಏಳು ವರ್ಷದ ಹುಡುಗನಿಗೆ ಕುರ್‌ಆನಿನ 112ನೇ ಸೂರಾ, ಅಂದರೆ ಅಧ್ಯಾಯ, ಹೇಳಿಕೊಡುತ್ತಿದ್ದೆ. ಹೆಸರು ಇಖ್ಲಾಸ್, ನಾಲ್ಕೇ ಆಯತ್ತು, ನಾಲ್ಕೇ ವಾಕ್ಯ. ಮೊದಲ ಪದ ‘ಕುಲ್’, ಅಂದರೆ ‘ಹೇಳು’. ಅದರ ಮೊದಲ ಅಕ್ಷರ ಕಾಫ್ ನಾಲಿಗೆಯ ಬುಡದಿಂದ, ಕಿರುನಾಲಿಗೆಯ ಹತ್ತಿರ ಹುಟ್ಟಬೇಕು. ಕನ್ನಡದ ‘ಕ’ ಹಾಕಿದಿರೋ, ಅರ್ಥ ‘ತಿನ್ನು’ ಅಂತಾಗುತ್ತದೆ! ದಖನಿ ಉರ್ದು ಮನೆಮಾತಿನ ಮಕ್ಕಳಿಗೆ ಇನ್ನೊಂದು ಫಜೀತಿ. ಅವರ ಬಾಯಲ್ಲಿ ಅದು ‘ಖ’. ಗೋರಿಯೂ ಖಬರ್, ಸುದ್ದಿಯೂ ಖಬರ್. ಮೂರು ದಿನ ಬಾಯಿ ತೆರೆದು ತೋರಿಸಿದೆ. ಹುಡುಗ ನನ್ನ ಹಲ್ಲು ಎಣಿಸಿದನೇ ಹೊರತು ಅಕ್ಷರ ಬರಲಿಲ್ಲ. ಕೊನೆಗೆ ಗದರಿದೆ, ಅವನು ಅತ್ತ.

ನಾಲ್ಕನೇ ದಿನ ಒಂಬತ್ತನೇ ಕ್ಲಾಸಿನವನೊಬ್ಬ ಅವನನ್ನು ಜಗಲಿಗೆ ಕರೆದುಕೊಂಡು ಹೋದ. ಎದುರಿಗೆ ಗದ್ದೆ, ಕಪ್ಪೆಗಳ ಗಲಾಟೆ. ‘ಅದು ಕೂಗ್ತದಲ್ಲ, ಹಂಗೇ ಗಂಟಲಿಂದ ಕೂಗು’ ಅಂದ. ಇಬ್ಬರೂ ಕೂತು ವಟಗುಟ್ಟಿದ್ದೇ ವಟಗುಟ್ಟಿದ್ದು. ಒಳಗೆ ಪಾಠ ನಿಂತೇ ಹೋಯಿತು, ಎಲ್ಲರಿಗೂ ನಗು. ಸ್ವಲ್ಪ ಹೊತ್ತಿಗೆ ಪೋರ ಓಡಿಬಂದು ಅಚ್ಚುಕಟ್ಟಾಗಿ ‘ಕುಲ್ ಹುವಲ್ಲಾಹು ಅಹದ್’ ಅಂದುಬಿಟ್ಟ!

ಅವತ್ತಿನಿಂದ ಆ ಭಾಯಿ, ಆ ದೊಡ್ಡ ಹುಡುಗ, ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ವುಜೂಗೆ ಕೂತರೆ ಪಕ್ಕದಲ್ಲಿ ಇವನು. ಭಾಯಿ ಪ್ಯಾಂಟು ಮಡಚಿದರೆ ಇವನು ಚಡ್ಡಿ ಮಡಚುತ್ತಿದ್ದ. ಬಲಗಾಲು ಮೊದಲು ತೊಳೆಯಬೇಕು ಅಂತ ನಾನು ಹೇಳಿದ್ದು ನೆನಪಿಲ್ಲ, ಭಾಯಿ ತೊಳೆದದ್ದು ನೆನಪಿದೆ. ನೋಡಿ, ಮತ್ತೆ ಅದೇ ಮಾತು.

ಹೊಸ ಮಾತೇನಲ್ಲ ಇದು. ಪ್ರವಾದಿಗಳ ಕಾಲದಲ್ಲಿ ಅಮ್ರ್ ಬಿನ್ ಸಲಮಾ ಎಂಬ ಆರೇಳು ವರ್ಷದ ಹುಡುಗನಿಗೆ ತನ್ನವರಲ್ಲೆಲ್ಲ ಹೆಚ್ಚು ಕುರ್‌ಆನ್ ಬರುತ್ತಿತ್ತು. ದೊಡ್ಡವರೇ ಅವನ ಹಿಂದೆ ನಿಂತು ನಮಾಜು ಮಾಡಿದರು ಅಂತ ಬುಖಾರಿ ಎಂಬ ಹದೀಸ್ ಗ್ರಂಥದಲ್ಲಿದೆ. ಅವನ ಬಟ್ಟೆ ಗಿಡ್ಡವಾಗಿತ್ತೆಂದು ಒಂದು ಅಂಗಿಯನ್ನೂ ಹೊಲಿಸಿಕೊಟ್ಟರು. ನಮ್ಮ ಕಮಿಟಿಯವರು ಟೈಲ್ಸ್ ಹಾಕಿಸುತ್ತಾರೆ, ಸ್ಪೀಕರ್ ತರುತ್ತಾರೆ, ಹದಿನಾಲ್ಕರ ಹುಡುಗನ ಕೈಗೆ ನಾಲ್ಕು ಮಕ್ಕಳ ಕಾಯಿದಾ, ಅಂದರೆ ಅಕ್ಷರ ಕಲಿಸುವ ಪುಸ್ತಕ, ಕೊಡಿ ಅಂದರೆ ಮಾತ್ರ ‘ಅವನಿಗೇನು ಗೊತ್ತು’ ಅಂತಾರೆ. ತಂದೆತಾಯಿಗಳೂ ಅಷ್ಟೇ. ಎಸೆಸೆಲ್ಸಿ ಬಂತು ಅಂತ ಮಕ್ತಬ್ ಬಿಡಿಸುತ್ತೀರಿ. ಸ್ವಾಮಿ, ವಾರಕ್ಕೆ ಎರಡು ದಿನ, ಅರ್ಧ ಗಂಟೆ ಕಳಿಸಿ. ಚಿಕ್ಕವರು ನೋಡಿ ಕಲಿಯಲು ದೊಡ್ಡವನೊಬ್ಬ ಅಲ್ಲಿರಬೇಡವೇ?

ಹುಡುಗಿಯರಿಗೆ ಪಾಠ ಹೇಳುವ ಆಪಾಗಳ, ಅಂದರೆ ಅಕ್ಕಂದಿರ, ಬಗ್ಗೆಯೂ ಹೇಳಬೇಕಿತ್ತು. ಇಲ್ಲಿ ಗಡಿಯಾರ ತೋರಿಸುತ್ತಿದ್ದಾರೆ.

ಅವತ್ತು ಅತ್ತಿದ್ದ ಆ ಹುಡುಗ ಈಗ ಪಿಯುಸಿ. ಸಂಜೆ ಬಂದು ಚಿಕ್ಕವರಿಗೆ ಕಾಫ್ ಹೇಳಿಕೊಡುತ್ತಾನೆ. ಬೇಸಿಗೆಯಲ್ಲಿ ಗದ್ದೆಯ ಕಪ್ಪೆ ಕೂಗುವುದಿಲ್ಲವಲ್ಲ, ಇವನೇ ಕೂಗುತ್ತಾನೆ. ನಮಸ್ಕಾರ.