ಸೀರೆ ಅಂಗಡಿಯ ಬಾಗಿಲು: ಅಮೂರ್ತ ಚಿತ್ರ ಮತ್ತು ಬೆಳಕಿನ ಕುರಿತು

ಮಾನ್ಯ ಅಧ್ಯಕ್ಷರೇ, ರಜೆಯ ದಿನದ ಸಂಜೆಯನ್ನು ಬಿಟ್ಟುಕೊಟ್ಟು ಮುಂಬಯಿಯ ಮಾಟುಂಗಾದ ಈ ಸಭಾಂಗಣಕ್ಕೆ ಬಂದಿರುವ ಕನ್ನಡ ಬಂಧುಗಳೇ,

ಅಮೂರ್ತ ಚಿತ್ರ ಬರೆಯುವವನನ್ನು ಮಾತಿಗೆ ಕರೆದರೆ ಮೊದಲು ಎದುರಾಗುವ ಪ್ರಶ್ನೆ ‘ಇದರ ಅರ್ಥವೇನು’ ಎಂಬುದು. ನಲವತ್ತು ವರ್ಷಗಳಿಂದ ಈ ಪ್ರಶ್ನೆಯನ್ನು ತಪ್ಪಿಸಿಕೊಂಡು ಬಂದಿದ್ದೇನೆ, ಇಂದೂ ತಪ್ಪಿಸಿಕೊಳ್ಳುತ್ತೇನೆ. ಚಿತ್ರ ಹೇಗೆ ತಯಾರಾಗುತ್ತದೆ, ತಯಾರಾದ ಮೇಲೆ ಬೆಳಕು ಅದನ್ನು ಏನು ಮಾಡುತ್ತದೆ ಎಂಬುದನ್ನಷ್ಟೇ ಹೇಳುವುದು ನನ್ನ ಉದ್ದೇಶ. ನನ್ನ ಬಲಕ್ಕೆ ಈಸಲ್ ಮೇಲೆ ನಿಲ್ಲಿಸಿರುವ ನಾಲ್ಕು ಅಡಿ ಎತ್ತರದ ಕ್ಯಾನ್ವಾಸನ್ನು ನೀವು ಆಗಲೇ ಗಮನಿಸಿದ್ದೀರಿ. ಈ ಟ್ಯೂಬ್‌ಲೈಟುಗಳ ಕೆಳಗೆ ಅದು ಒದ್ದೆ ಬಟ್ಟೆಯಿಂದ ಒರೆಸಿಟ್ಟ ಸ್ಲೇಟಿನಂತೆ ಕಾಣುತ್ತಿದೆ ಎಂಬುದು ನನಗೂ ಗೊತ್ತು. ಅದನ್ನು ಇಲ್ಲಿಗೆ ತಂದ ಕಾರಣ ಕೊನೆಗೆ ತಿಳಿಯುತ್ತದೆ.

ಬಣ್ಣದ ವಿಷಯದಲ್ಲಿ ನನಗೆ ಮೊದಲ ಪಾಠ ಆದದ್ದು ಕಲಾಶಾಲೆಯಲ್ಲಲ್ಲ, ದಾದರಿನ ಒಂದು ಸೀರೆ ಅಂಗಡಿಯಲ್ಲಿ. ಊರಿನಿಂದ ಬಂದಿದ್ದ ನನ್ನ ತಾಯಿ ಗಾದಿಯ ಮೇಲೆ ಹರಡಿದ್ದ ಹತ್ತಾರು ಸೀರೆಗಳಲ್ಲಿ ಒಂದನ್ನು ಆರಿಸಿ, ಅದರ ಸೆರಗನ್ನು ಹಿಡಿದುಕೊಂಡು ಸೀದಾ ಅಂಗಡಿಯ ಬಾಗಿಲಿಗೆ ನಡೆದರು. ಒಳಗೆ ಈರುಳ್ಳಿ ಸಿಪ್ಪೆಯ ಬಣ್ಣವಾಗಿದ್ದ ಸೀರೆ ಬಾಗಿಲಲ್ಲಿ ಗುಲಾಬಿಯ ಕಡೆಗೆ ಹೊರಳಿತು. ‘ಇದು ಬೇಡ, ಬೇರೆ ತೋರಿಸಿ’ ಎಂದರು. ಅಂಗಡಿಯವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಹೆಂಗಸರು ಬಾಗಿಲಿಗೆ ಹೋಗಿ ನೋಡುತ್ತಾರೆಂದು ಅವನಿಗೆ ಗೊತ್ತಿತ್ತು. ನನಗೆ ಮಾತ್ರ ಆ ನಾಲ್ಕು ಹೆಜ್ಜೆಗಳಲ್ಲಿ ಒಂದು ಬಟ್ಟೆ ಎರಡು ಬಟ್ಟೆಯಾದದ್ದು ಬಹಳ ದಿನ ತಲೆಯಲ್ಲಿ ಕೊರೆಯುತ್ತಿತ್ತು.

ಮುಂದೆ ಹೊಟ್ಟೆಪಾಡಿಗಾಗಿ ಬಟ್ಟೆ ಗಿರಣಿಯೊಂದರ ಡಿಸೈನ್ ವಿಭಾಗ ಸೇರಿದಾಗ ಅದೇ ಬಾಗಿಲು ಒಂದು ಯಂತ್ರದ ರೂಪದಲ್ಲಿ ಎದುರಾಯಿತು. ಶೇಡ್ ಮ್ಯಾಚಿಂಗ್ ಮಾಡುವ ಕೋಣೆಯಲ್ಲಿ ಒಳಗೆಲ್ಲ ಬೂದು ಬಣ್ಣ ಬಳಿದ ಒಂದು ಪೆಟ್ಟಿಗೆ ಇರುತ್ತಿತ್ತು. ಅದರ ಒಂದು ಸ್ವಿಚ್ ಒತ್ತಿದರೆ ಹಗಲಿನ ಬೆಳಕು, ಇನ್ನೊಂದಕ್ಕೆ ಅಂಗಡಿಯ ಟ್ಯೂಬಿನ ಬೆಳಕು, ಮತ್ತೊಂದಕ್ಕೆ ಮನೆಯ ಹಳದಿ ಬಲ್ಬು. ಗಿರಾಕಿ ಕಳಿಸಿದ ತುಂಡನ್ನೂ ನಾವು ಬಣ್ಣ ಹಾಕಿದ ತುಂಡನ್ನೂ ಪಕ್ಕಪಕ್ಕ ಇಟ್ಟು ಮೂರೂ ಬೆಳಕಿನಲ್ಲಿ ನೋಡಬೇಕು. ಹಗಲಿನಲ್ಲಿ ಅವಳಿಗಳಂತೆ ಕಂಡ ತುಂಡುಗಳು ಬಲ್ಬಿನ ಕೆಳಗೆ ಪರಸ್ಪರ ಪರಿಚಯವೇ ಇಲ್ಲದವರಂತೆ ಕೂರುತ್ತಿದ್ದವು. ಇದಕ್ಕೆ ಮೆಟಾಮೆರಿಸಂ ಎಂದು ಹೆಸರು. ಎರಡು ಬಣ್ಣಗಳು ಕಣ್ಣಿಗೆ ಒಂದೇ ಆಗಿ ಕಂಡರೂ ಅವು ಬೆಳಕಿನ ಬೇರೆ ಬೇರೆ ತರಂಗಗಳನ್ನು ಹಿಂದಿರುಗಿಸುತ್ತಿರಬಹುದು. ಬೆಳಕಿನ ಮೂಲ ಬದಲಾದ ಕೂಡಲೇ ಆ ಭೇದ ಬಯಲಾಗುತ್ತದೆ.

ಈ ಸಂಗತಿ ಎಲ್ಲ ಚಿತ್ರಗಳಿಗೂ ಅನ್ವಯಿಸುವುದಾದರೂ ಅಮೂರ್ತ ಚಿತ್ರಕ್ಕೆ ಅದರ ಪೆಟ್ಟು ಹೆಚ್ಚು, ಮತ್ತು ಇಂದಿನ ನನ್ನ ವಾದವೆಲ್ಲ ಇಲ್ಲಿಯೇ ನಿಂತಿದೆ. ಒಂದು ಮಾವಿನ ಹಣ್ಣಿನ ಚಿತ್ರವನ್ನು ಕೆಟ್ಟ ಬೆಳಕಿನಲ್ಲಿ ತೂಗುಹಾಕಿ. ನೋಡುವವರ ಮನಸ್ಸು ತನಗೆ ತಿಳಿಯದಂತೆಯೇ ಹಳದಿಯನ್ನು ಸರಿಪಡಿಸಿಕೊಳ್ಳುತ್ತದೆ, ಏಕೆಂದರೆ ಮಾವಿನ ಹಣ್ಣಿನ ಬಣ್ಣ ಅದಕ್ಕೆ ಮೊದಲೇ ಗೊತ್ತು. ಅಮೂರ್ತ ಚಿತ್ರದಲ್ಲಿ ಹಾಗೆ ಕೈಹಿಡಿಯುವ ಮಾವಿನ ಹಣ್ಣು ಇಲ್ಲ. ಅಲ್ಲಿ ಇರುವುದು ಈ ಬೂದು ಆ ಕೆಂಪಿನ ಪಕ್ಕದಲ್ಲಿ ಎಷ್ಟು ತಣ್ಣಗಿದೆ, ಈ ಅಂಚು ಎಷ್ಟು ಕರಗಿದೆ ಎಂಬ ಸಂಬಂಧಗಳು ಮಾತ್ರ. ಬೆಳಕು ಬದಲಾಗಿ ಆ ಸಂಬಂಧಗಳು ಬದಲಾದರೆ ಚಿತ್ರವೇ ಬದಲಾಯಿತು. ನೋಡುವವರಿಗೆ ಅದು ತಿಳಿಯುವ ದಾರಿಯೂ ಇಲ್ಲ, ಏಕೆಂದರೆ ಮೂಲ ಹೇಗಿತ್ತೆಂದು ಅವರು ಕಂಡಿಲ್ಲ.

ಈಗ ಚಿತ್ರ ಹುಟ್ಟುವ ಬಗೆಯನ್ನು ಹೇಳುತ್ತೇನೆ. ನಾನು ಕೆಲಸ ಮಾಡುವುದು ಗೋರೆಗಾಂವ್‌ನ ಒಂದು ಹಳೆಯ ಗಾಳಾದಲ್ಲಿ, ಅಂದರೆ ಕಾರ್ಖಾನೆ ಕಟ್ಟಡದ ಒಂದು ಕೋಣೆಯಲ್ಲಿ. ಕೆಳಗೆ ಲೇತ್ ಯಂತ್ರಗಳು, ಮೇಲೆ ನಾನು. ಕ್ಯಾನ್ವಾಸನ್ನು ಚೌಕಟ್ಟಿಗೆ ಬಿಗಿದು, ಗೆಸ್ಸೊ ಎಂಬ ಬಿಳಿಯ ತಳಬಣ್ಣವನ್ನು ಮೂರು ಕೈ ಹಚ್ಚಿ, ಪ್ರತಿ ಕೈಗೂ ಮರಳು ಕಾಗದದಿಂದ ಉಜ್ಜುತ್ತೇನೆ. ಆ ಬಿಳಿ ಕೊನೆಗೆ ಎಲ್ಲಿಯೂ ಕಾಣದಿದ್ದರೂ ಇಷ್ಟು ಶ್ರಮ ಏಕೆಂದು ಶಿಷ್ಯರು ಕೇಳುತ್ತಾರೆ. ಮೇಲಿನ ಪದರಗಳು ತೆಳುವಾಗಿದ್ದರೆ ಬೆಳಕು ಅವುಗಳನ್ನು ಹಾದು ಬಿಳಿಯ ತನಕ ಹೋಗಿ, ಅಲ್ಲಿಂದ ಮರಳಿ, ಬಣ್ಣವನ್ನು ಎರಡನೆಯ ಸಲ ಹಾದು ನಮ್ಮ ಕಣ್ಣಿಗೆ ಬರುತ್ತದೆ. ಒಳಗಿನಿಂದ ಬೆಳಗುವಂತೆ ಕಾಣುವುದು ಅದರಿಂದಲೇ. ಟೈಟೇನಿಯಂ ಬಿಳಿ ಬೆರೆಸಿದ ದಪ್ಪ ಬಣ್ಣದಲ್ಲಿ ಬೆಳಕು ಮೇಲಿನಿಂದಲೇ ಹಿಂದಿರುಗುತ್ತದೆ. ಒಂದೇ ಚಿತ್ರದಲ್ಲಿ ಈ ಎರಡು ಬಗೆಯ ಜಾಗಗಳಿದ್ದರೆ, ಬೆಳಕು ಹೆಚ್ಚಾದಾಗ ಒಂದು ಮುಂದೆ ಬಂದಂತೆಯೂ ಕಡಿಮೆಯಾದಾಗ ಇನ್ನೊಂದು ಮುಂದೆ ಬಂದಂತೆಯೂ ತೋರುತ್ತದೆ.

ಆಮೇಲೆ ಆರಂಭಿಸುವುದು ಒಂದು ಬಣ್ಣದ ಕಲೆಯಿಂದ. ಯಾವುದೇ ವಿಚಾರದಿಂದ ಹೊರಟ ನನ್ನ ಚಿತ್ರಗಳು ಕೆಟ್ಟಿವೆ, ಅದನ್ನು ಒಪ್ಪಿಕೊಳ್ಳಬೇಕು. ಸಾಮಾನ್ಯವಾಗಿ ಕೆಮ್ಮಣ್ಣಿನ ಬಣ್ಣವನ್ನು ನೀರಾಗಿಸಿ ಸುರಿದು, ಹಳೆಯ ಬನಿಯನ್ ಬಟ್ಟೆಯಿಂದ ಒರೆಸಿ, ಉಳಿದ ಕಲೆಯನ್ನು ಎರಡು ದಿನ ಸುಮ್ಮನೆ ನೋಡುತ್ತೇನೆ. ಗೋವೆಯಿಂದ ನಮ್ಮ ಕರಾವಳಿಯ ತನಕ ಹಳೆಯ ದೇವಸ್ಥಾನಗಳ ಸುಣ್ಣದ ಗೋಡೆಗಳ ಮೇಲಿರುವ ಕಾವಿ ಚಿತ್ತಾರದ ಕೆಂಪು ಅದು. ಅದರ ಮೇಲೆ ರೋಲರಿನಿಂದ ಬೂದಿನ ತೆಳು ಪದರ, ಒಣಗಿದ ಮೇಲೆ ಪ್ಯಾಲೆಟ್ ಚಾಕುವಿನಿಂದ ಕೆರೆತ, ಮತ್ತೆ ಪದರ. ಅಕ್ರಿಲಿಕ್ ಬಣ್ಣದ ಅಂಟು ಹಸಿಯಿರುವಾಗ ಹಾಲಿನಂತೆ ಬೆಳ್ಳಗಿದ್ದು ಒಣಗಿದಾಗ ತಿಳಿಯಾಗುವುದರಿಂದ ಬಣ್ಣ ಹಚ್ಚುವಾಗ ಕಂಡದ್ದಕ್ಕಿಂತ ಒಣಗಿದ ಮೇಲೆ ಗಾಢವಾಗುತ್ತದೆ. ಎಷ್ಟು ಗಾಢವಾದೀತು ಎಂಬ ಅಂದಾಜು ಕೈಗೆ ಬರಲು ವರ್ಷಗಳೇ ಬೇಕು. ಹತ್ತು ಹನ್ನೆರಡು ಪದರಗಳಾಗುವಷ್ಟರಲ್ಲಿ ಎರಡು ತಿಂಗಳು ಕಳೆದಿರುತ್ತದೆ. ಅದರಲ್ಲಿ ಬಹುಪಾಲು ಸಮಯ ಕುರ್ಚಿಯಲ್ಲಿ ಕೂತು ನೋಡುವುದೇ ಆಗಿದೆ. ಕೆಳಗಿನ ಲೇತಿನವರು ನನ್ನನ್ನು ಸೋಮಾರಿ ಎಂದುಕೊಂಡಿದ್ದರೆ ಅವರ ತಪ್ಪಿಲ್ಲ.

ರೋಲರ್ ಮತ್ತು ಚಾಕುವಿನ ಮಾತು ಬಂದಾಗ, ಅವೆರಡನ್ನೂ ಬಳಸಿ ಚಿತ್ರ ಬರೆದ ವಾಸುದೇವ ಗಾಯತೊಂಡೆಯವರನ್ನು ನೆನೆಯದೆ ಮುಂದೆ ಹೋಗುವುದು ಕೃತಘ್ನತೆಯಾದೀತು. ನಾಗಪುರದಲ್ಲಿ 1924ರಲ್ಲಿ ಹುಟ್ಟಿದ, ಗೋವೆ ಮೂಲದ, ಇಲ್ಲಿನ ಜೆ. ಜೆ. ಕಲಾಶಾಲೆಯಲ್ಲಿ ಕಲಿತ ಈ ಕಲಾವಿದರು ವರ್ಷಕ್ಕೆ ಬೆರಳೆಣಿಕೆಯಷ್ಟು ಚಿತ್ರಗಳನ್ನು ಮಾತ್ರ ಮುಗಿಸುತ್ತಿದ್ದರು. ಅವರ ಕ್ಯಾನ್ವಾಸಿನ ಎದುರು ನಿಂತು ಎಡಕ್ಕೂ ಬಲಕ್ಕೂ ಎರಡೆರಡು ಹೆಜ್ಜೆ ಸರಿದು ನೋಡಿದರೆ, ಪದರಗಳ ಒಳಗೆ ಬೆಳಕು ಸ್ಥಳ ಬದಲಿಸುವುದು ಕಾಣುತ್ತದೆ. ಮುದ್ರಿತ ಪುಸ್ತಕದಲ್ಲಿ ಅದು ಸಿಗುವುದಿಲ್ಲ. ನಮ್ಮವರೇ ಆದ, ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದ ಕೆ. ಕೆ. ಹೆಬ್ಬಾರರದು ರೇಖೆಯ ಲಯಕ್ಕೆ ಹೆಸರಾದ ಬೇರೆಯೇ ಹಾದಿ. ಅವರ ಬಗ್ಗೆ ಇನ್ನೊಂದು ಸಂಜೆ ಮಾತಾಡಬೇಕು.

ಕಲಾಶಾಲೆಗಳಲ್ಲಿ ಹೇಳಿಕೊಡುವ ಒಂದು ಸೂತ್ರವಿದೆ: ಚಿತ್ರಶಾಲೆಯ ಕಿಟಕಿ ಉತ್ತರಕ್ಕಿರಬೇಕು. ಯುರೋಪಿನಲ್ಲಿ ಮಧ್ಯಾಹ್ನದ ಸೂರ್ಯ ಎಂದೂ ದಕ್ಷಿಣದಲ್ಲಿಯೇ ಇರುವುದರಿಂದ ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳದೆ ಆಕಾಶದ ಸಮನಾದ ಬೆಳಕಷ್ಟೇ ಬರುತ್ತದೆ. ಅದನ್ನು ನಂಬಿ ನಾನು ಹೆಚ್ಚು ಬಾಡಿಗೆ ಕೊಟ್ಟು ಉತ್ತರದ ಕಿಟಕಿಯ ಗಾಳಾ ಹಿಡಿದೆ. ಮೊದಲ ಮೇ ತಿಂಗಳಲ್ಲಿಯೇ ಬಿಸಿಲು ಒಳಗೆ ಬಂತು. ಮುಂಬಯಿ ಇರುವುದು ಸುಮಾರು 19 ಡಿಗ್ರಿ ಅಕ್ಷಾಂಶದಲ್ಲಿ, ಕರ್ಕಾಟಕ ವೃತ್ತಕ್ಕಿಂತ ಕೆಳಗೆ. ಹೀಗಾಗಿ ಮೇ ಮಧ್ಯಭಾಗದಲ್ಲಿ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಹೋಗಿ, ಜುಲೈ ಕೊನೆಯ ವಾರದಲ್ಲಿ ಮತ್ತೆ ನೆತ್ತಿಗೆ ಮರಳುತ್ತಾನೆ. ಆ ಎರಡು ದಿನಗಳಂದು ಮಧ್ಯಾಹ್ನ ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ನಡುವಿನ ಎರಡೂವರೆ ತಿಂಗಳು ಯುರೋಪಿನ ಸೂತ್ರ ಇಲ್ಲಿ ತಲೆಕೆಳಗು. ಪುಣ್ಯಕ್ಕೆ ಜೂನ್ ಎರಡನೆಯ ವಾರದ ಹೊತ್ತಿಗೆ ಮಳೆಗಾಲದ ಮೋಡ ಕವಿದು, ಇಡೀ ಆಕಾಶವೇ ಬಿಳಿಯ ಪರದೆಯಾಗುತ್ತದೆ. ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಹಿಡಿಯುತ್ತದೆ, ಆದರೆ ನೆರಳಿಲ್ಲದ ಆ ಬೆಳಕಿನಲ್ಲಿ ಬೂದಿನ ಹತ್ತು ಛಾಯೆಗಳು ಹತ್ತಾಗಿಯೇ ಕಾಣುತ್ತವೆ. ತೇವದ ಗಾಳಿಯಿಂದ ಅಕ್ರಿಲಿಕ್ ನಿಧಾನವಾಗಿ ಒಣಗುವುದೂ ನನಗೆ ಅನುಕೂಲವೇ. ನನ್ನ ಒಳ್ಳೆಯ ಚಿತ್ರಗಳೆಲ್ಲ ಮಳೆಗಾಲದವು.

ಒಳ್ಳೆಯದಾಗದ ಒಂದು ಚಿತ್ರದ ಕಥೆಯನ್ನೂ ಹೇಳಬೇಕು. ಐದು ಅಡಿ ಅಗಲದ, ಪೂರ್ತಿ ಬೂದಿನ ಕ್ಯಾನ್ವಾಸ್ ಅದು. ಅಲ್ಟ್ರಾಮರೀನ್ ನೀಲಿ, ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು, ಬಿಳಿ ಈ ಮೂರರಿಂದ ಕಲಸಿದ ಬಣ್ಣ ಮುಕ್ಕಾಲು ಭಾಗಕ್ಕೆ ಮುಗಿಯಿತು. ಸಿಯೆನ್ನಾ ಖಾಲಿ, ಹೊರಗೆ ಮಳೆ, ಪ್ರದರ್ಶನಕ್ಕೆ ಒಂದು ವಾರ. ಕಪ್ಪು, ಬಿಳಿ, ತುಸು ನೀಲಿ ಬೆರೆಸಿ, ಕಿಟಕಿಯ ಬಳಿ ಕೂತು ಕಣ್ಣಿಗೆ ಒಂದೇ ಕಾಣುವ ತನಕ ಹೊಂದಿಸಿ ಉಳಿದ ಕಾಲುಭಾಗವನ್ನು ಮುಗಿಸಿದೆ. ಗ್ಯಾಲರಿಯ ಹ್ಯಾಲೊಜೆನ್ ದೀಪಗಳ ಕೆಳಗೆ ತೂಗುಹಾಕಿದಾಗ ಮುಕ್ಕಾಲು ಭಾಗ ಕಂದಿಗೆ ತಿರುಗಿತ್ತು, ಕಾಲುಭಾಗ ಬೂದಾಗಿಯೇ ಉಳಿದಿತ್ತು, ನಡುವೆ ಲಂಗದ ಅಂಚು ಬಿಚ್ಚಿ ಉದ್ದ ಮಾಡಿದಾಗ ಉಳಿಯುವಂಥ ಗೆರೆ. ಹ್ಯಾಲೊಜೆನ್ ಬೆಳಕಿನಲ್ಲಿ ಕೆಂಪು ಹೆಚ್ಚು, ನೀಲಿ ಕಡಿಮೆ. ಸಿಯೆನ್ನಾ ಇದ್ದ ಬೂದು ಆ ಕೆಂಪನ್ನೆಲ್ಲ ಎತ್ತಿ ತೋರಿಸಿತು. ಗಿರಣಿಯಲ್ಲಿ ಹನ್ನೊಂದು ವರ್ಷ ಇದೇ ಕೆಲಸ ಮಾಡಿದವನು ನಾನು. ಒಬ್ಬ ವಿಮರ್ಶಕರು ಆ ಗೆರೆಯನ್ನು ‘ಸಂಯಮದ ದಿಗಂತ’ ಎಂದು ಹೊಗಳಿದರು. ನಾನು ಬಾಯಿ ಬಿಡಲಿಲ್ಲ.

ದೊಡ್ಡವರಿಗೂ ಬೆಳಕು ಸುಲಭವಾಗಿ ಒಲಿದಿಲ್ಲ. ಅಮೆರಿಕದ ಮಾರ್ಕ್ ರಾಥ್ಕೊ ಅವರ ಐದು ಬೃಹತ್ ಚಿತ್ರಗಳನ್ನು 1964ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಊಟದ ಸಭಾಂಗಣದಲ್ಲಿ ತೂಗುಹಾಕಲಾಯಿತು. ಎತ್ತರದ ಮಹಡಿ, ದೊಡ್ಡ ಕಿಟಕಿಗಳು, ಹೊರಗಿನ ನೋಟದ ಆಸೆಗೆ ತೆರೆದೇ ಇರುತ್ತಿದ್ದ ಪರದೆಗಳು. ಅವರು ಬಳಸಿದ್ದ ಲಿಥೋಲ್ ರೆಡ್ ಎಂಬ ಕೆಂಪು ಬಿಸಿಲಿಗೆ ನಿಲ್ಲುವಂಥದ್ದಾಗಿರಲಿಲ್ಲ. ಕಡುಗೆಂಪು ಬಿಳಿಚಿ, ಬೆಳಕು ಬಿದ್ದ ಜಾಗ ಬೀಳದ ಜಾಗ ಬೇರೆ ಬೇರೆಯಾಗಿ, 1979ರ ಹೊತ್ತಿಗೆ ಚಿತ್ರಗಳನ್ನು ಇಳಿಸಿ ಉಗ್ರಾಣಕ್ಕೆ ಸೇರಿಸಿದರು. ಕೆಮ್ಮಣ್ಣಿನ ಕೆಂಪಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಕಾವಿಯ ಊರಿನವನಾದ ನನಗೆ ಅನ್ನಿಸದೆ ಇರುವುದಿಲ್ಲ. ಅದು ಕಬ್ಬಿಣದ ತುಕ್ಕಿನ ಬಣ್ಣ, ಬಿಸಿಲಿಗೆ ಜಗ್ಗುವುದಲ್ಲ. 2014ರಲ್ಲಿ ಅವೇ ಚಿತ್ರಗಳನ್ನು ಮತ್ತೆ ಪ್ರದರ್ಶಿಸಿದಾಗ ಮೇಲೆ ಹೊಸ ಬಣ್ಣ ಹಚ್ಚಲಿಲ್ಲ. ಕಳೆದುಹೋದ ಬಣ್ಣ ಎಲ್ಲೆಲ್ಲಿ ಎಷ್ಟೆಷ್ಟೆಂದು ಲೆಕ್ಕ ಹಾಕಿ, ಅಷ್ಟನ್ನೇ ಪ್ರೊಜೆಕ್ಟರಿನ ಬೆಳಕಾಗಿ ಕ್ಯಾನ್ವಾಸಿನ ಮೇಲೆ ಬೀಳಿಸಿದರು. ಪ್ರತಿದಿನ ಸಂಜೆ ನಾಲ್ಕಕ್ಕೆ ಪ್ರೊಜೆಕ್ಟರ್ ಆರಿಸುತ್ತಿದ್ದರು. ಕೆಂಪು ತುಂಬಿದ್ದ ಚಿತ್ರ ಜನರ ಕಣ್ಣೆದುರೇ ಮಾಸಿದ ಚಿತ್ರವಾಗುತ್ತಿತ್ತು.

ಅದೇ ರಾಥ್ಕೊ ಹ್ಯೂಸ್ಟನ್ನಿನ ಪ್ರಾರ್ಥನಾ ಮಂದಿರಕ್ಕಾಗಿ ಹದಿನಾಲ್ಕು ಚಿತ್ರಗಳನ್ನು ರಚಿಸಿದ್ದು ನ್ಯೂಯಾರ್ಕಿನಲ್ಲಿ, ಮಾಡಿನ ಗಾಜಿನ ಕೆಳಗೆ ಪ್ಯಾರಾಚೂಟಿನ ಬಟ್ಟೆ ಕಟ್ಟಿ ಸೋಸಿದ ಬೆಳಕಿನಲ್ಲಿ. ಅವರು 1970ರಲ್ಲಿ ತೀರಿಕೊಂಡರು. ಮಂದಿರ ತೆರೆದದ್ದು 1971ರಲ್ಲಿ. ಟೆಕ್ಸಾಸ್‌ನ ಬಿಸಿಲು ಆ ಚಿತ್ರಗಳಿಗೆ ತೀರ ಪ್ರಖರವಾಗಿ, ಅದನ್ನು ತಗ್ಗಿಸಲು ಒಂದಾದ ಮೇಲೊಂದು ಏರ್ಪಾಡು ಮಾಡುತ್ತ, 2020ರಲ್ಲಿ ಹೊಸ ಮಾಡುಗಾಜನ್ನೇ ಕೂರಿಸಬೇಕಾಯಿತು.

ಮನೆಯಲ್ಲಿ ಚಿತ್ರ ಇಟ್ಟುಕೊಂಡವರು ಕೇಳುವ ಪ್ರಶ್ನೆಗೆ ಚುಟುಕಾಗಿ ಉತ್ತರಿಸುತ್ತೇನೆ. ಲೋಹಾರ್ ಚಾಳಿನಲ್ಲಿ ಬಲ್ಬು ಕೊಳ್ಳುವಾಗ ಪೆಟ್ಟಿಗೆಯ ಮೇಲೆ ‘ಕೂಲ್ ಡೇಲೈಟ್, 6500 ಕೆಲ್ವಿನ್’ ಎಂದಿದ್ದರೆ ಅದು ಹಗಲಿನಂತೆ ಬಣ್ಣ ತೋರಿಸುತ್ತದೆಂದು ಭಾವಿಸಬೇಡಿ. ಆ ಸಂಖ್ಯೆ ಬೆಳಕು ಎಷ್ಟು ನೀಲಿ, ಎಷ್ಟು ಹಳದಿ ಎಂಬುದನ್ನಷ್ಟೇ ಹೇಳುತ್ತದೆ. ಬಣ್ಣವನ್ನು ಎಷ್ಟು ಪ್ರಾಮಾಣಿಕವಾಗಿ ತೋರಿಸುತ್ತದೆ ಎಂಬುದಕ್ಕೆ ಸಿ.ಆರ್.ಐ. ಎಂಬ ಬೇರೆ ಅಳತೆಯಿದೆ, ಗರಿಷ್ಠ 100. 90ಕ್ಕಿಂತ ಹೆಚ್ಚಿನದನ್ನು ಕೇಳಿ ಪಡೆಯಿರಿ. ಅಗ್ಗದ ಎಲ್‌ಇಡಿಗಳು ಕಡುಗೆಂಪನ್ನು ಕೊಲ್ಲುತ್ತವೆ. ದೀಪ ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಾಗಿ ಬೀಳಲಿ. ಇನ್ನೂ ಗೋಡೆಗೆ ಒತ್ತಿಕೊಂಡಿದ್ದರೆ ಚಾಕುವಿನ ಪ್ರತಿ ಉಬ್ಬಿಗೂ ಉದ್ದನೆಯ ನೆರಳು ಬಿದ್ದು ಚಿತ್ರ ಉತ್ತ ಗದ್ದೆಯಾಗುತ್ತದೆ. ತೈಲಚಿತ್ರಗಳಿಗೆ ವಸ್ತುಸಂಗ್ರಹಾಲಯಗಳು ಇಟ್ಟುಕೊಂಡಿರುವ ಮಿತಿ, ಬೀಳುವ ಬೆಳಕಿನ ಅಳತೆಯಾದ ಲಕ್ಸ್‌ನಲ್ಲಿ, ಸುಮಾರು 200, ಜಲವರ್ಣಕ್ಕೆ 50. ಹೊರಗಿನ ನಡು ಮಧ್ಯಾಹ್ನ ಲಕ್ಷ ಲಕ್ಸ್ ಇರುತ್ತದೆ ಎಂದರೆ ಕಿಟಕಿಯ ಎದುರು ಗೋಡೆ ಎಂಥ ಜಾಗವೆಂದು ನೀವೇ ಊಹಿಸಿಕೊಳ್ಳಿ.

ಊರಿನಲ್ಲಿ ದೊಂದಿ ಬೆಳಕಿನ ಯಕ್ಷಗಾನ ನೋಡಿದವರು ಈ ಸಭೆಯಲ್ಲಿ ಕೆಲವರಾದರೂ ಇದ್ದೀರಿ. ಆ ವೇಷದ ಕೆಂಪು, ಹಳದಿ, ಕಪ್ಪು ಅಲುಗಾಡುವ ಬೆಂಕಿಯ ಬೆಳಕಿಗೆ ಒಪ್ಪುವಂಥವು. ಅವೇ ವೇಷಗಳು ಇಂದಿನ ಫ್ಲಡ್‌ಲೈಟಿನ ಕೆಳಗೆ ಬಣ್ಣದ ಡಬ್ಬಿಯಿಂದ ಈಗತಾನೇ ಎದ್ದು ಬಂದಂತಿರುತ್ತವೆ. ವೇಷ ಬದಲಾಗಿಲ್ಲ.

ಈಗ ಈ ಕ್ಯಾನ್ವಾಸಿಗೆ ಬರೋಣ. ಇದನ್ನು ಬರೆದದ್ದು ಜುಲೈ ತಿಂಗಳ ಸಂಜೆಗಳಲ್ಲಿ, ದೀಪ ಹಚ್ಚದೆ, ಕತ್ತಲಾಗುವ ತನಕ ಮಾತ್ರ. ಎಡಭಾಗದಲ್ಲಿ ಕಾವಿ ಕೆಂಪಿನ ಪಟ್ಟೆಯಿದೆ, ಬಲಕ್ಕೆ ಅದಕ್ಕಿಂತ ಮಂಕಾದ ನೀಲಿಯಿದೆ. ಈಗ ನಿಮಗೆ ಕೆಂಪೇ ಜೋರಾಗಿ ಕಾಣುತ್ತಿರಬೇಕು. ಬೆಳಕು ಕುಗ್ಗಿದಂತೆ ನಮ್ಮ ಕಣ್ಣು ಕೆಂಪನ್ನು ಮೊದಲು ಬಿಟ್ಟುಕೊಡುತ್ತದೆ, ನೀಲಿಯನ್ನು ಕೊನೆಯ ತನಕ ಹಿಡಿದಿರುತ್ತದೆ. ಪುರ್ಕಿನ್ಯೆ ಎಂಬ ಜೆಕ್ ವಿಜ್ಞಾನಿ ಗುರುತಿಸಿದ್ದರಿಂದ ಅದಕ್ಕೆ ಅವರದೇ ಹೆಸರು. ಸಭಾಂಗಣದವರನ್ನು ಮೊದಲೇ ಕೇಳಿಕೊಂಡಿದ್ದೇನೆ. ಅವರು ಹಿಂದಿನ ಸಾಲಿನಿಂದ ಒಂದೊಂದಾಗಿ ಟ್ಯೂಬುಗಳನ್ನು ಆರಿಸುತ್ತಾರೆ, ಕಿಟಕಿಯ ಸಂಜೆ ಬೆಳಕು ಮಾತ್ರ ಉಳಿಯುತ್ತದೆ. ಕಣ್ಣು ಹೊಂದಿಕೊಳ್ಳಲು ಐದು ನಿಮಿಷವಾದರೂ ಬೇಕು. ದಯವಿಟ್ಟು ಅಷ್ಟು ಹೊತ್ತು ಯಾರೂ ಮೊಬೈಲ್ ತೆಗೆಯಬೇಡಿ. ಕೆಂಪು ಎಷ್ಟು ಹೊತ್ತಿಗೆ ಕಪ್ಪಾಯಿತೆಂದು ಆಮೇಲೆ ನೀವೇ ನನಗೆ ಹೇಳಿ.

ಆರಿಸಿ.